ನೀರಿಗೂ ಒಬ್ಬ ತಳವಾರ ಬೇಕು

ಹಂಪಿಗೆ ಹೋದವರೆಲ್ಲ ಕಲ್ಲು ನೋಡಿ ಬರ್ತಾರೆ. ಕಲ್ಲಿನ ರಥ, ಕಮಲ ಮಹಲ್, ಆನೆ ಲಾಯ, ಮಾತಂಗ ಬೆಟ್ಟದ ಸೂರ್ಯೋದಯ. ಶನಿವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು ಭಾನುವಾರ ರಾತ್ರಿ ಬಸ್ ಹತ್ತುವವರಿಗೆ ಅಷ್ಟರಲ್ಲೇ ಟೈಮ್ ಮುಗಿದಿರುತ್ತೆ. ಮುಂದಿನ ಸಲ ಹೋದಾಗ ಅರ್ಧ ದಿನ ನೀರಿಗೆ ಅಂತ ಎತ್ತಿಡಿ.

ಟಿ.ಬಿ. ಡ್ಯಾಂನಿಂದ ಕಂಪ್ಲಿವರೆಗೆ ಎಲ್ಲಿ ನಿಂತರೂ ಹತ್ತಿರದಲ್ಲೇ ಒಂದು ಕಾಲುವೆಯೋ ಕೆರೆಯೋ ಹೊಳೆಯೋ ಇರುತ್ತೆ. ಇದರಲ್ಲಿ ಎಷ್ಟೋ ಕಾಲುವೆಗಳು ವಿಜಯನಗರದ ಅರಸರ ಕಾಲದವು. ಐದು ಶತಮಾನ ಆದರೂ ಬಾಳೆ, ಕಬ್ಬು, ಭತ್ತಕ್ಕೆ ಇವತ್ತಿಗೂ ಅವೇ ಆಸರೆ. ಬೆಳೆಗಾಗಿ ಹರಿದ ಈ ನೀರು ಒಂದು ರಾಜಧಾನಿಯನ್ನು ಕಾಯುವುದಕ್ಕೂ ನೆರವಾಗಿತ್ತು ಅನ್ನೋದು ಮಾತ್ರ ನಮ್ಮ ಗಮನಕ್ಕೆ ಬರೋದು ಕಡಿಮೆ. ಅದು ಎಲ್ಲಿ ಕಾಯ್ತು, ಎಲ್ಲಿ ಕೈಕೊಟ್ಟಿತು ಅಂತ ಹುಡುಕಿಕೊಂಡು ಹೋದರೆ ಹಂಪಿ ಬೇರೆಯೇ ಥರ ಕಾಣುತ್ತೆ.

ಗದ್ದೆಯೇ ಕಂದಕ

ಹೊಸಪೇಟೆಯಿಂದ ಕಮಲಾಪುರದ ದಾರಿ ಹಿಡಿಯಿರಿ. ಊರು ಸಿಗುವ ಹೊತ್ತಿಗೆ ಕಮಲಾಪುರದ ಕೆರೆ ಕಾಣುತ್ತೆ. ಇದಕ್ಕೆ ನೀರು ಬರೋದು ರಾಯ ಕಾಲುವೆಯಿಂದ. ಏರಿಯ ಮೇಲೆ ನಿಂತು ಒಮ್ಮೆ ಉತ್ತರಕ್ಕೆ, ಒಮ್ಮೆ ದಕ್ಷಿಣಕ್ಕೆ ತಿರುಗಿ ನೋಡಿ. ಉತ್ತರಕ್ಕೆ ಅರಮನೆ ಆವರಣ, ಮಹಾನವಮಿ ದಿಬ್ಬದ ಕಡೆ. ದಕ್ಷಿಣಕ್ಕೆ ದೂರದಲ್ಲಿ ಸಂಡೂರಿನ ಬೆಟ್ಟಸಾಲು. ಈ ಕಡೆಯಿಂದ ಯಾರಾದರೂ ದಂಡೆತ್ತಿ ಬಂದರೆ ಮೊದಲು ಬೆಟ್ಟ ಹಾಯಬೇಕು, ಆಮೇಲೆ ಈ ನೀರನ್ನು ಬಳಸಿಕೊಂಡು ಹೋಗಬೇಕು, ಅದಾದ ಮೇಲೆ ಕೋಟೆ ಗೋಡೆ.

ಇದು ನಮ್ಮ ಊಹೆ ಮಾತ್ರ ಅಲ್ಲ. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಹೊರಗಿನ ಕೋಟೆ ಸಾಲನ್ನು ವಿವರಿಸಿದ್ದಾನೆ. ತಗ್ಗು ನೆಲದಲ್ಲಿ ಗೋಡೆ ಹಾದುಹೋಗುವ ಕೆಲವು ಕಡೆ ನೀರು ತುಂಬಿದ ಕಂದಕ ಇತ್ತಂತೆ. ಅದರ ಜೊತೆಗೆ ಎದೆಯೆತ್ತರದ ಚೂಪು ಕಲ್ಲುಗಳನ್ನು ನೆಲದಲ್ಲಿ ನೆಟ್ಟಿದ್ದರಂತೆ. ಬೆಟ್ಟ ಸಿಕ್ಕಿದ ಕಡೆ ಬೆಟ್ಟವೇ ಗೋಡೆ. ಬೆಟ್ಟ ಇಲ್ಲದ ತಗ್ಗಿನಲ್ಲಿ ಕಲ್ಲು, ನೀರು. ಅವನಿಗಿಂತ ಮುಂಚೆ, 1443ರಲ್ಲಿ ಪರ್ಷಿಯಾದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಕೂಡ ಈ ಕಲ್ಲುಗಳ ಬಗ್ಗೆ ಬರೆದಿದ್ದಾನೆ. ಆಳೆತ್ತರದ ಕಲ್ಲು, ಅರ್ಧ ನೆಲದೊಳಗೆ, ಅರ್ಧ ಮೇಲೆ. ಕುದುರೆಯೂ ಕಾಲಾಳೂ ಸಲೀಸಾಗಿ ಹತ್ತಿರ ಬರೋ ಹಾಗಿರಲಿಲ್ಲ ಅಂತ.

ಪೇಸ್ ಹೇಳುವ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯ ಅನ್ನಿಸಿತು. ಹೊರಗಿನ ಗೋಡೆಗೂ ನಗರಕ್ಕೂ ನಡುವೆ ತುಂಬ ದೂರ ಇತ್ತು, ಆ ಜಾಗದಲ್ಲೆಲ್ಲ ಭತ್ತದ ಗದ್ದೆ, ತೋಟ, ಬೇಕಾದಷ್ಟು ನೀರು ಇತ್ತು, ಆ ನೀರು ಕೋಟೆ ಸಾಲಿನ ಮಧ್ಯದಿಂದಲೇ ಹಾದುಬರುತ್ತಿತ್ತು ಅನ್ನುತ್ತಾನೆ. ಗೋಡೆಗಳ ನಡುವೆ ಹೊಲ ತೋಟ ಇದ್ದದ್ದನ್ನು ರಜಾಕ್ ಕೂಡ ಹೇಳುತ್ತಾನೆ.

ಈಗ ಒಂದು ಕ್ಷಣ ಶತ್ರು ಸೇನಾಪತಿಯ ಜಾಗದಲ್ಲಿ ನಿಂತು ಯೋಚಿಸಿ. ಆ ಕಾಲದ ಸೈನ್ಯದ ಬಲ ಇದ್ದದ್ದು ಕುದುರೆಯಲ್ಲಿ. ನಾಟಿ ಮಾಡಿದ ಗದ್ದೆಗೆ ಕುದುರೆ ಇಳಿಸಿದರೆ ಏನಾಗುತ್ತೆ? ರೈತರ ಮನೆಯವರನ್ನು ಕೇಳಿ, ಹೇಳ್ತಾರೆ. ಮೊಣಕಾಲು ಮಟ್ಟ ಕೆಸರು. ಓಟ ನಿಂತುಹೋಗುತ್ತೆ. ಬದುವಿನ ಮೇಲೆ ಹೋಗೋಣ ಅಂದ್ರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಎದುರಿಗೆ ಬಂಡೆಯ ಮೇಲೆ ಬಿಲ್ಲು ಹಿಡಿದು ಕೂತವನಿಗೆ ಅದಕ್ಕಿಂತ ಸುಲಭದ ಗುರಿ ಇಲ್ಲ. ಕಾಲುವೆ ತೋಡಿದ್ದು ಯುದ್ಧಕ್ಕೆ ಅಂತ ಅಲ್ಲ, ಊಟಕ್ಕೆ. ಆದರೆ ಊಟ ಕೊಡುವ ಗದ್ದೆಯೇ ದಂಡು ಬಂದ ದಿನ ಕಂದಕದ ಕೆಲಸ ಮಾಡಬಲ್ಲದಾಗಿತ್ತು. ಮುತ್ತಿಗೆ ಹಾಕಿದರೂ ಗೋಡೆಯೊಳಗೇ ಅನ್ನ ಬೆಳೀತಿತ್ತು ಅನ್ನೋದು ಇನ್ನೊಂದು ಲಾಭ.

ಇದೇ ಉಪಾಯವನ್ನು ಹಾಲೆಂಡಿನವರು 1672ರಲ್ಲಿ ಬೇಕಂತಲೇ ಮಾಡಿದರು. ಫ್ರಾನ್ಸಿನ ಸೈನ್ಯ ಬರ್ತಿದ್ದ ಹಾಗೆ ಕಾಲುವೆಗಳ ತೂಬು ತೆಗೆದು, ಒಡ್ಡು ಒಡೆದು, ತಮ್ಮ ಹೊಲಗಳಿಗೇ ನೀರು ನುಗ್ಗಿಸಿದರು. ನೀರಿನ ಆಳ ಹೆಚ್ಚೇನೂ ಇರಲಿಲ್ಲ. ನಡೆದು ಹೋಗೋಕೆ ಜಾಸ್ತಿ, ದೋಣಿ ಹಾಕೋಕೆ ಕಡಿಮೆ. ಕೆಳಗಿರುವ ಹಳ್ಳ ಕಾಲುವೆ ಎಲ್ಲಿ ಅಂತ ಗೊತ್ತಾಗದ ಸೈನ್ಯ ಅಲ್ಲೇ ನಿಂತಿತು. ಯುರೋಪಿನಲ್ಲಿ ಅದಕ್ಕೆ ದೊಡ್ಡ ಹೆಸರು. ಕಮಲಾಪುರದ ಗದ್ದೆ ಬದುವಿನ ಮೇಲೆ ನಿಂತರೆ ಅದೇ ಲೆಕ್ಕ ನಮ್ಮ ಕಾಲ ಕೆಳಗೂ ಕಾಣುತ್ತೆ.

ಹೊಳೆಗೆ ರಜೆ ಇರುತ್ತೆ

ಹಂಪಿಯ ಉತ್ತರಕ್ಕೆ ಗೋಡೆಯ ಕೆಲಸ ಮಾಡಿದ್ದು ತುಂಗಭದ್ರೆ. ವಿಠ್ಠಲ ದೇವಸ್ಥಾನದ ಕಡೆಯಿಂದ ಆನೆಗೊಂದಿಗೆ ಹೋಗುವ ಹಳೇ ದಾರಿಯಲ್ಲಿ ಎತ್ತರದ ಕೋಟೆ ಬಾಗಿಲೊಂದು ಸಿಗುತ್ತೆ. ಅದನ್ನು ದಾಟಿ ಮುಂದೆ ಹೋದರೆ ಹೊಳೆ ದಂಡೆ. ಆ ಜಾಗದ ಹೆಸರು ತಳವಾರಘಟ್ಟ. ತಳವಾರ ಅಂದ್ರೆ ಊರು ಕಾಯುವವನು. ಹೊಳೆಯಾಚೆ ಆನೆಗೊಂದಿಯ ಹತ್ತಿರದ ಒಂದು ಊರಿನ ಹೆಸರು ಕಡೆಬಾಗಿಲು. ಎರಡು ದಂಡೆಯ ಹೆಸರಿನಲ್ಲೂ ಕಾವಲಿದೆ.

ಇಲ್ಲಿ ಹೊಳೆ ದಾಟ್ತಿದ್ದದ್ದು ಹರಿಗೋಲಿನಲ್ಲಿ. ಪೇಸ್ ಅದನ್ನು ನೋಡಿ ಬೆರಗಾಗಿದ್ದ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತೆ ಅಂತೆಲ್ಲ ಬರೆದಿಟ್ಟಿದ್ದಾನೆ. ಇವತ್ತು ಚರ್ಮದ ಬದಲು ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿದೆ. ತಿರುಗೋದು ಮಾತ್ರ ಹಾಗೇ ಇದೆ. ಈಗ ಅದನ್ನೇ ವಿಡಿಯೊ ಮಾಡ್ಕೊಳ್ಳೋಕೆ ಜನ ಬರ್ತಾರೆ.

ಹರಿಗೋಲು ಹಾಕುವ ಒಬ್ಬ ಹಿರಿಯರನ್ನು, "ಯಜಮಾನ್ರೇ, ಈ ಹೊಳೆ ದಾಟೋದು ಯಾವಾಗ ಕಷ್ಟ?" ಅಂತ ಕೇಳಿದೆ. ಅವರು ನಕ್ಕರು. "ಡ್ಯಾಮಿನ್ಯಾಗ ಗೇಟ್ ಎತ್ತಿದ್ರ ಯಾರೂ ದಾಟಂಗಿಲ್ರೀ. ಬ್ಯಾಸಿಗಿ ಬಂತಂದ್ರ ಕೆಲವು ಕಡಿ ದನಾನೂ ನಡಕೊಂಡು ಹೋಗ್ತಾವ. ಹೊಳಿ ಒಂದ, ದಿನಾ ಒಂದ ಇರಂಗಿಲ್ಲ."

ಈ ಮಾತಿನಲ್ಲಿ ನಮ್ಮ ನಾಡಿನ ಅರ್ಧ ಯುದ್ಧ ಇತಿಹಾಸ ಇದೆ. ಮಳೆಗಾಲದಲ್ಲಿ ತುಂಗಭದ್ರೆ, ಕೃಷ್ಣೆ ಎರಡೂ ಕೋಟೆ. ಬೇಸಿಗೆಯಲ್ಲಿ ಕೆಲವು ಕಡೆ ಹೊಳೆಯೇ ದಾರಿ. ಅಣೆಕಟ್ಟು ಕಟ್ಟಿ ತಿರುಗಿಸಿದ ಕಾಲುವೆ ಹಾಗಲ್ಲ. ಹೊಳೆ ಸೊರಗಿದರೂ ವರ್ಷದ ಬಹುಪಾಲು ದಿನ ಹರೀತಾ ಇರುತ್ತೆ, ಗದ್ದೆಯನ್ನು ಒದ್ದೆಯಾಗಿ ಇಟ್ಟಿರುತ್ತೆ. ನದಿಗೆ ರಜೆ ಇರುತ್ತೆ, ಕಾಲುವೆಗೆ ಕಡಿಮೆ.

ಕೃಷ್ಣೆಯ ದಂಡೆಯಲ್ಲಿ

ಹಂಪಿಯಲ್ಲಿ ನಿಂತರೆ ತುಂಗಭದ್ರೆಯೇ ಗಡಿ ಅನ್ನಿಸುತ್ತೆ. ಆದರೆ ವಿಜಯನಗರದವರು ಶತ್ರುವನ್ನು ತಡೆಯಲು ನೋಡುತ್ತಿದ್ದದ್ದು ಇನ್ನೂ ಉತ್ತರಕ್ಕೆ, ಕೃಷ್ಣೆಯ ದಂಡೆಯಲ್ಲಿ. ಎರಡು ಹೊಳೆಗಳ ನಡುವಿನ ರಾಯಚೂರಿನ ಸೀಮೆಗಾಗಿ ಬಹಮನಿಗಳ ಜೊತೆ, ಆಮೇಲೆ ಬಿಜಾಪುರದ ಜೊತೆ ತಲೆಮಾರುಗಟ್ಟಲೆ ಯುದ್ಧ ನಡೆಯಿತು. ರಾಜಧಾನಿಯ ಹಣೆಬರಹ ಬರೆದದ್ದು ಆ ನೀರೇ.

ಮೊದಲ ಕಥೆ ಹದಿನಾಲ್ಕನೇ ಶತಮಾನದ ಕೊನೆಯದು. ಹೇಳಿದವನು ಇತಿಹಾಸಕಾರ ಫೆರಿಷ್ತಾ. ಎರಡನೇ ಹರಿಹರನ ಸೈನ್ಯ ಕೃಷ್ಣೆಯ ಒಂದು ದಂಡೆಯಲ್ಲಿ, ಬಹಮನಿ ಸುಲ್ತಾನ ಫಿರೋಜ್ ಷಾ ಇನ್ನೊಂದು ದಂಡೆಯಲ್ಲಿ. ಹೊಳೆ ತುಂಬಿ ಹರೀತಿತ್ತು, ದಾಟೋ ಹಾಗಿರಲಿಲ್ಲ. ಆಗ ಸಿರಾಜ್ ಎಂಬ ಕಾಜಿ ಕೆಲವೇ ಜೊತೆಗಾರರೊಂದಿಗೆ ವೇಷ ಮರೆಸಿಕೊಂಡು ಈಚೆ ದಂಡೆ ಸೇರಿದ. ನರ್ತಕಿಯರ ಗುಂಪಿನ ಸ್ನೇಹ ಬೆಳೆಸಿ, ರಾಜಕುಮಾರನ ಡೇರೆಯಲ್ಲಿ ನಡೆದ ಕುಣಿತದ ರಾತ್ರಿ ಅವನನ್ನು ಕೊಂದುಬಿಟ್ಟ. ಪಾಳೆಯ ಗೊಂದಲದಲ್ಲಿ ಮುಳುಗಿದ್ದಾಗ ಬಹಮನಿ ಸೈನಿಕರು ಹೊಳೆ ದಾಟಿದರು. ತುಂಬಿದ ಕೃಷ್ಣೆ ಕಡಿಮೆಯಾಗಿರಲಿಲ್ಲ. ದಂಡೆಯ ಮೇಲೆ ಎಚ್ಚರ ಇರಲಿಲ್ಲ.

ಎರಡನೆಯದು 1520ರ ರಾಯಚೂರಿನ ಯುದ್ಧ. ಅದು ನಡೆದದ್ದು ಮೇ ತಿಂಗಳಲ್ಲಿ. ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಕೃಷ್ಣೆ ದಾಟಿ ಎದುರಿಗೆ ಬಂದ. ಈಗ ಹೊಳೆ ಅವನ ಬೆನ್ನಿಗೆ. ಶುರುವಿನಲ್ಲಿ ಅವನ ತೋಪುಗಳು ರಾಯನ ಸೈನ್ಯವನ್ನು ಹಿಮ್ಮೆಟ್ಟಿಸಿದವು. ಆಮೇಲೆ ರಾಯನೇ ಮುಂದೆ ನಿಂತು ಯುದ್ಧವನ್ನು ತಿರುಗಿಸಿದ. ಓಡಿದ ಬಿಜಾಪುರದ ಸೈನ್ಯಕ್ಕೆ ಹಿಂದೆ ಇದ್ದದ್ದು ಕೃಷ್ಣೆ. ಎಷ್ಟೋ ಜನ ಆ ನೀರಿನಲ್ಲೇ ಮುಳುಗಿದರು, ಸುಲ್ತಾನ ಆನೆ ಹತ್ತಿ ಪಾರಾದ ಅಂತ ನೂನಿಜ್ ಬರೆಯುತ್ತಾನೆ. ಮುಂದೆ ಇದ್ದಾಗ ಕಾಯುವ ನೀರು ಬೆನ್ನಿಗೆ ಬಂದಾಗ ಬಲೆ.

ಮೂರನೆಯದು ಎಲ್ಲರಿಗೂ ಗೊತ್ತಿರೋದು: 1565ರ ಜನವರಿ, ತಾಳಿಕೋಟೆ ಅಥವಾ ರಕ್ಕಸಗಿ-ತಂಗಡಗಿ. ರಾಮರಾಯನ ಕಡೆಯವರು ಕೃಷ್ಣೆಯನ್ನು ದಾಟಬಹುದಾದ ಕಡವನ್ನು ಬಿಗಿಯಾಗಿ ಹಿಡಿದಿದ್ದರು. ದಂಡೆ ಉದ್ದಕ್ಕೂ ಮಣ್ಣಿನ ಒಡ್ಡು, ತೋಪು. ಫೆರಿಷ್ತಾ ಹೇಳುವ ಪ್ರಕಾರ, ಸುಲ್ತಾನರು ಬೇರೆ ಕಡೆ ದಾಟುವವರಂತೆ ನದಿಗುಂಟ ನಡೆಯತೊಡಗಿದರು. ಈಚೆ ದಂಡೆಯಲ್ಲಿ ವಿಜಯನಗರದ ಸೈನ್ಯವೂ ಅವರಿಗೆ ಸರಿಸಮನಾಗಿ ನಡೆಯಿತು. ಹೀಗೇ ಮೂರು ದಿನ. ಆಮೇಲೆ ಒಂದು ರಾತ್ರಿ ಸುಲ್ತಾನರ ಪಡೆ ಥಟ್ಟನೆ ಹಿಂದಕ್ಕೆ ತಿರುಗಿ ಮೊದಲಿನ ಕಡಕ್ಕೇ ಬಂತು. ಅಲ್ಲಿ ಯಾರೂ ಇರಲಿಲ್ಲ. ದಾಟಿಬಿಟ್ಟರು.

ಜನವರಿ 23ರ ಯುದ್ಧದಲ್ಲಿ ರಾಮರಾಯ ಸತ್ತ. ಅವನ ತಮ್ಮ ತಿರುಮಲ ರಾಜಧಾನಿಗೆ ಬಂದು, ಖಜಾನೆಯನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಯ ಕಡೆ ಹೋದ. ಕೋಟೆ ಸಾಲು ಹಾಗೇ ಇತ್ತು. ಕೆರೆಯಲ್ಲಿ ನೀರಿತ್ತು. ನೆಟ್ಟ ಕಲ್ಲು ನೆಟ್ಟಲ್ಲೇ ಇದ್ದವು. ಅವುಗಳ ಹಿಂದೆ ನಿಲ್ಲುವ ಜನ ಇರಲಿಲ್ಲ. ಶತ್ರುಗಳು ಬಂದು ತಿಂಗಳುಗಟ್ಟಲೆ ಇದ್ದು ಲೂಟಿ ಮಾಡಿದರು. ಇವತ್ತು ನಾವು ಟಿಕೆಟ್ ತಗೊಂಡು ನೋಡುವ ಹಂಪಿ ಅದೇ.

ನಮ್ಮ ಅಜ್ಜಂದಿರ ಕಾಲದ ಗಡಿ

ಇದೆಲ್ಲ ಹಳೇ ಮಾತು ಅನ್ನಬೇಡಿ. ತುಂಗಭದ್ರೆ ಮತ್ತೆ ಗಡಿಯಾಗಿ ನಿಂತು ಇನ್ನೂ ನೂರು ವರ್ಷ ಆಗಿಲ್ಲ.

ಸ್ವಾತಂತ್ರ್ಯ ಬಂದಾಗ ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಹೊಳೆಯಾಚೆಯ ಆನೆಗೊಂದಿ, ಗಂಗಾವತಿ, ಕೊಪ್ಪಳ ಹೈದರಾಬಾದಿನ ನಿಜಾಮನ ಕೈಯಲ್ಲಿ. 1945ರಲ್ಲೇ ಶುರುವಾಗಿದ್ದ ಟಿ.ಬಿ. ಡ್ಯಾಂ ಕೆಲಸವನ್ನು ಒಂದು ದಂಡೆಯಿಂದ ಮದ್ರಾಸ್, ಇನ್ನೊಂದು ದಂಡೆಯಿಂದ ಹೈದರಾಬಾದ್ ಕೈಗೆತ್ತಿಕೊಂಡಿದ್ದವು. ಒಂದೇ ಅಣೆಕಟ್ಟಿಗೆ ಕೈ ಹಾಕಿದ್ದ ಆ ಎರಡು ಕಡೆಯ ನಡುವೆ ಹೊಳೆಯೇ ಗೆರೆ. ಆಚೆ ರಜಾಕಾರರ ಹಾವಳಿ. ನಿಜಾಮನ ಗಡಿಯ ಹೊರಗೆ ಮುಂಡರಗಿಯಂಥ ಕಡೆ ಹೋರಾಟಗಾರರ ಶಿಬಿರ. ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ ಮುಂಡರಗಿ ಶಿಬಿರದ ಹೆಸರನ್ನು ಕೊಪ್ಪಳ ಕಡೆಯ ಹಿರಿಯರು ಇವತ್ತಿಗೂ ಹೇಳ್ತಾರೆ.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದಿನೊಳಗೆ ನುಗ್ಗಿತು. ಸೆಪ್ಟೆಂಬರ್ ಅಂದ್ರೆ ಹೊಳೆ ತುಂಬಿರೋ ಕಾಲ. ಆಗ ಗಡಿ ದಾಟೋಕೆ ಸೇತುವೆಯೇ ಗತಿ. ಹಾಗಾಗಿ ಶುರುವಿನಲ್ಲೇ ಗೂರ್ಖಾ ಪಡೆಯೊಂದು ತುಂಗಭದ್ರೆಯ ಮೇಲಿನ ಮುಖ್ಯ ಸೇತುವೆಯನ್ನು ಹೈದರಾಬಾದ್ ಸೈನಿಕರಿಂದ ಕಿತ್ತುಕೊಂಡಿತು. ಒಂದು ವಾರ ಆಗೋದ್ರೊಳಗೆ ಎಲ್ಲ ಮುಗಿಯಿತು. ಫಿರೋಜ್ ಷಾನ ಕಾಲದಲ್ಲಿ ಹೇಗೋ ಹಾಗೇ ಇಲ್ಲೂ, ಪ್ರಶ್ನೆ ನೀರು ಎಷ್ಟಿದೆ ಅನ್ನೋದಾಗಿರಲಿಲ್ಲ. ದಾಟುವ ಜಾಗ ಯಾರ ಕೈಯಲ್ಲಿದೆ ಅನ್ನೋದು.

ಯುದ್ಧಕ್ಕೂ ಆಗಲಿ ಅಂತ ಯೋಚಿಸಿ ತೋಡಿದ ಕಾಲುವೆಯನ್ನು ನಮ್ಮ ಸೈನ್ಯ ಎದುರಿಸಿದ್ದು 1965ರಲ್ಲಿ. ಲಾಹೋರಿನ ಪೂರ್ವಕ್ಕೆ, ಗಡಿಗೆ ಹತ್ತಿರದಲ್ಲೇ ಪಾಕಿಸ್ತಾನ ಇಚ್ಛೋಗಿಲ್ ಕಾಲುವೆ ಮಾಡಿಕೊಂಡಿತ್ತು. ನೀರಾವರಿಗೂ ಆಯ್ತು, ಟ್ಯಾಂಕುಗಳನ್ನು ತಡೆಯೋಕೂ ಆಯ್ತು. ಸೆಪ್ಟೆಂಬರ್ 6ರಂದು ಮೂರನೇ ಜಾಟ್ ಪಡೆ ಡೋಗ್ರಾಯ್ ಹತ್ತಿರ ಆ ಕಾಲುವೆಯನ್ನು ದಾಟಿಯೇಬಿಟ್ಟಿತು. ಹಿಂದಿನಿಂದ ಬಲ ಬರದೆ ವಾಪಸ್ ಬರಬೇಕಾಯ್ತು. ಅದೇ ಊರನ್ನು ಮತ್ತೆ ಹಿಡಿಯೋಕೆ ಎರಡು ವಾರದ ಮೇಲೆ, ಮನೆ ಮನೆಗೂ ಹೊಡೆದಾಡಬೇಕಾಯ್ತು. ಮೊದಲ ದಿನ ಕಾವಲು ಸಡಿಲ ಇದ್ದ ಕಾಲುವೆ ಸುಲಭವಾಗಿ ಸಿಕ್ಕಿತ್ತು. ಕಾವಲು ಬಿಗಿಯಾದ ಮೇಲೆ ಅದೇ ಕಾಲುವೆ ರಕ್ತ ಕೇಳಿತು.

ಹತ್ತೊಂಬತ್ತನೇ ಗೇಟು

ಈಗ ಟಿ.ಬಿ. ಡ್ಯಾಂಗೆ ಬನ್ನಿ. ಸಂಜೆ ಹೊತ್ತು ಗಾರ್ಡನ್ ನೋಡಿ, ಮಿರ್ಚಿ ಮಂಡಕ್ಕಿ ತಿಂದು, ಗುಡ್ಡದ ಮೇಲಿನಿಂದ ಜಲಾಶಯದ ಫೋಟೊ ತೆಗೆದು ಹೋಗುವ ಜಾಗ ಇದು. ಒಟ್ಟು 33 ಕ್ರಸ್ಟ್ ಗೇಟು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗೋದು ಸುಮಾರು 105 ಟಿಎಂಸಿ. ರಾಯ, ಬಸವಣ್ಣ ಕಾಲುವೆಗಳಿಗೂ ಈಗ ನೀರು ಇಲ್ಲಿಂದಲೇ. ಅಂದ್ರೆ ವಿಜಯನಗರದ ಅರಸರು ತಿರುಗಿಸಿದ ನೀರಿನ ಕೀಲಿ ಇವತ್ತು ಈ ಡ್ಯಾಂನಲ್ಲಿದೆ.

2024ರ ಆಗಸ್ಟ್ 10ರ ರಾತ್ರಿ, ಡ್ಯಾಂ ತುಂಬಿದ್ದಾಗ, 19ನೇ ಗೇಟಿನ ಚೈನ್ ಲಿಂಕ್ ಕತ್ತರಿಸಿ ಗೇಟು ಕೊಚ್ಚಿಹೋಯಿತು. ಯುದ್ಧ ಇಲ್ಲ, ಶತ್ರು ಇಲ್ಲ. ಎಪ್ಪತ್ತು ವರ್ಷದಷ್ಟು ಹಳೆಯ ಸರಪಳಿ, ಅಷ್ಟೇ. ಉಳಿದ ಗೇಟುಗಳ ಮೇಲೆ ಒತ್ತಡ ಬೀಳದಿರಲಿ ಅಂತ ಅವನ್ನೂ ತೆರೆದು ನೀರು ಬಿಡಬೇಕಾಯ್ತು. ಹೊಳೆಗುಂಟ ಇರುವ ಊರುಗಳಿಗೆ ಎಚ್ಚರಿಕೆ ಹೋಯ್ತು. ಕರ್ನಾಟಕ, ಆಂಧ್ರ, ತೆಲಂಗಾಣದ ರೈತರು ಆ ವಾರ ಮೊಬೈಲಿನಲ್ಲಿ ನೋಡಿದ್ದು ಒಂದೇ ದೃಶ್ಯ: ತಮ್ಮ ಬೆಳೆಯ ನೀರು ಹೊಳೆ ಸೇರ್ತಾ ಇರೋದು. ಕೊನೆಗೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಕಬ್ಬಿಣದ ಸ್ಟಾಪ್‌ಲಾಗ್‌ಗಳನ್ನು ಒಂದರ ಮೇಲೊಂದು ಇಳಿಸಿ ಬಾಗಿಲು ಮುಚ್ಚಿದರು. ಅಲ್ಲಿ ಕೆಲಸ ಮಾಡಿದ ವೆಲ್ಡರುಗಳು, ಕ್ರೇನ್ ನಡೆಸಿದವರು, ನೀರಿನ ಮೇಲೆ ನಿಂತು ಹಗ್ಗ ಹಿಡಿದವರು ನಮ್ಮ ಕಾಲದ ತಳವಾರರು.

ಕಾವಲು ಅಂದ್ರೆ ಬಂದೂಕು ಮಾತ್ರ ಅಂದುಕೊಂಡರೆ 1565 ಅರ್ಥ ಆಗೋದಿಲ್ಲ, 2024ಕ್ಕೂ ಅರ್ಥ ಇರೋದಿಲ್ಲ. ಕಡದಲ್ಲಿ ನಿಂತ ಸೈನಿಕ, ಸರಪಳಿಗೆ ಗ್ರೀಸ್ ಹಾಕುವ ಕೆಲಸಗಾರ, ರಾತ್ರಿ ತೂಬು ನೋಡಿಕೊಳ್ಳುವ ಗ್ಯಾಂಗ್‌ಮನ್ ಮಾಡೋದು ಒಂದೇ ಕೆಲಸ. ನೀರು ಕಡಿಮೆಯಾದ ವರ್ಷ ಎಡದಂಡೆ ಕಾಲುವೆಯ ಮೇಲೆ ಪೊಲೀಸರು ಕಾವಲು ನಿಂತಿದ್ದೂ ಇದೆ, ಮೇಲಿನ ಊರಿನವರು ಎತ್ತಿಕೊಂಡು ಕೊನೆಯ ಊರಿಗೆ ನೀರು ತಲುಪದೆ ಹೋಗುತ್ತೆ ಅಂತ. ಆ ಕೊನೆಯ ಊರಿನ ರೈತನಿಗೆ ಕಾಲುವೆ ಇವತ್ತಿಗೂ ಜೀವನ್ಮರಣದ ಗೆರೆಯೇ.

ಹೋಗೋದಾದ್ರೆ

ಹೊಸಪೇಟೆಯಲ್ಲಿ ಬೆಳಿಗ್ಗೆ ಇಡ್ಲಿ ಒಗ್ಗರಣೆ ಮುಗಿಸಿ ಕಮಲಾಪುರದ ಕೆರೆ ಏರಿಯಿಂದ ಶುರು ಮಾಡಿ. ಅಲ್ಲಿಂದ ಹಂಪಿಯ ಬಡವಿಲಿಂಗ. ಎಲ್ಲರೂ ದೊಡ್ಡ ಲಿಂಗದ ಫೋಟೊ ತೆಗೆದು ಹೊರಡ್ತಾರೆ. ನೀವು ಕೆಳಗೆ ನೋಡಿ. ಗರ್ಭಗುಡಿಯೊಳಗೆ ನಿಂತಿರೋದು ಕಾಲುವೆಯ ನೀರು. ಹಿಂದೆ ಮುಂದೆ ಹಬ್ಬಿರುವ ಬಾಳೆ ತೋಟಗಳು ಗುಡಿಗಳ ಸಾಲಿಗೂ ಅರಮನೆಯ ಕಡೆಗೂ ನಡುವಿನ ಕಣಿವೆ. ಅದನ್ನು ಇವತ್ತಿಗೂ ಹಸಿರಾಗಿ ಇಟ್ಟಿರೋದು ತುರ್ತಾ ಕಾಲುವೆ. ಆಮೇಲೆ ತಳವಾರಘಟ್ಟದ ಬಾಗಿಲು. ಪುರಂದರ ಮಂಟಪದ ಹತ್ತಿರ ಹೊಳೆಯಲ್ಲಿ ನಿಂತ ಹಳೇ ಸೇತುವೆಯ ಕಲ್ಲುಕಂಬಗಳನ್ನೂ ನೋಡಿ. ಬುಕ್ಕಸಾಗರದ ಸೇತುವೆ ದಾಟಿದರೆ ಕಡೆಬಾಗಿಲು, ಆನೆಗೊಂದಿ. ಟೈಮ್ ಇದ್ದರೆ ಕಂಪ್ಲಿವರೆಗೆ ಹೋಗಿ. ಎರಡೂ ಕಡೆ ಕಬ್ಬು, ಬಾಳೆ, ಭತ್ತ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಕಾಲುವೆಗೆ ಈಜೋಕೆ ಇಳಿಯಬೇಡಿ, ನೋಡೋಕೆ ಸಣ್ಣದು, ಸೆಳವು ಜೋರು. ನೀರಿನ ಬಾಟಲಿ, ಚಿಪ್ಸ್ ಕವರು ಅದರಲ್ಲಿ ಬಿಡಬೇಡಿ. ಅದು ಹೋಗಿ ಸಿಕ್ಕಿಕೊಳ್ಳೋದು ಯಾರದೋ ಹೊಲದ ತೂಬಿನಲ್ಲಿ.

ಮಳೆಗಾಲದಲ್ಲಿ ಹೋಗೋದಾದ್ರೆ ಮೊದಲು ಡ್ಯಾಂನಿಂದ ಎಷ್ಟು ನೀರು ಬಿಡ್ತಿದ್ದಾರೆ ಅಂತ ವಿಚಾರಿಸಿ. ಜಾಸ್ತಿ ಬಿಟ್ಟ ದಿನ ಪುರಂದರ ಮಂಟಪ ಮುಳುಗುತ್ತೆ, ಹರಿಗೋಲು ದಂಡೆ ಸೇರುತ್ತೆ, ಕಂಪ್ಲಿ-ಗಂಗಾವತಿ ಸೇತುವೆಯ ಮೇಲೂ ನೀರು ಬಂದು ಬಸ್ಸು ನಿಲ್ಲುತ್ತೆ. ಎರಡೂ ತುದಿಯಲ್ಲಿ ಬ್ಯಾರಿಕೇಡ್ ಇಟ್ಟುಕೊಂಡು ರೇನ್‌ಕೋಟ್ ಹಾಕಿದ ಪೊಲೀಸರು ನಿಂತಿರ್ತಾರೆ. ವಾಪಸ್ ಹೋಗಿ ಅಂತ ಅವರು ಹೇಳಿದ್ರೆ ಜಗಳ ಆಡಬೇಡಿ, ಗಾಡಿ ತಿರುಗಿಸಿ.